ಒಂದೇ ಸಾಲಿನ ಅರ್ಜಿ

ಅಮೆರಿಕದ ಒಂದು ವಿಶ್ವವಿದ್ಯಾಲಯ. ಅಲ್ಲಿ ಓದುವ ಮಾಜಿ ಸೈನಿಕರಿಗೆ ಕೊಡುವ ನಾಯಕತ್ವ ಪ್ರಶಸ್ತಿಯ ಆಯ್ಕೆ ಸಭೆ. ಮೇಜಿನ ಮೇಲೆ 14 ಅರ್ಜಿಗಳು. 'ನೀವು ವಹಿಸಿದ ನಾಯಕತ್ವವನ್ನು ವಿವರಿಸಿ' ಎಂಬ ಕಾಲಂನಲ್ಲಿ ಒಬ್ಬರು ಬರೆದದ್ದು ಇಷ್ಟೇ: 'ನಮ್ಮ ತಂಡ ವಾಹನ ರಿಪೇರಿ ಮಾಡುತ್ತಿತ್ತು.' ಸಂಘದ ಅಧ್ಯಕ್ಷಗಿರಿಗೆ ಇಷ್ಟು, ಭಾಷಣಕ್ಕೆ ಇಷ್ಟು ಎಂದು ಅಂಕ ಹಾಕುವ ನಮ್ಮ ಹಾಳೆಯಲ್ಲಿ ಅವರಿಗೆ ಸೊನ್ನೆ.

ಜೊತೆಗಿದ್ದ ಡಿಡಿ-214, ಅಂದರೆ ಸೇವೆ ಮುಗಿಸಿದಾಗ ಸಿಗುವ ದಾಖಲೆ, ಬೇರೆಯೇ ಹೇಳುತ್ತಿತ್ತು. ವೇತನ ದರ್ಜೆಯ ಚೌಕದಲ್ಲಿ ಇ-7. ಭೂಸೇನೆಯಲ್ಲಿ ಅದು ಸಾರ್ಜೆಂಟ್ ಫಸ್ಟ್ ಕ್ಲಾಸ್. ಸಾಮಾನ್ಯವಾಗಿ ಒಂದು ಪ್ಲಟೂನಿನ, ಅಂದರೆ ಸೈನಿಕರ ಒಂದು ತುಕಡಿಯ, ಊಟ, ನಿದ್ದೆ, ತರಬೇತಿ, ಮನೆಯ ತಾಪತ್ರಯ ಎಲ್ಲವೂ ಈ ದರ್ಜೆಯವರ ತಲೆಯ ಮೇಲೆ. 13ನೇ ಚೌಕದಲ್ಲಿ ಪದಕಗಳ ಪಟ್ಟಿ. ಅದರಲ್ಲಿ ಒಂದೂ ಅರ್ಜಿಗೆ ಇಳಿದಿರಲಿಲ್ಲ.

ಇದು ಬರೀ ಸಂಕೋಚವಲ್ಲ. ಭೂಸೇನೆಯಲ್ಲಿ ಪದಕಕ್ಕೆ ತನ್ನ ಹೆಸರನ್ನು ತಾನೇ ಶಿಫಾರಸು ಮಾಡುವಂತಿಲ್ಲ. ಡಿಎ-638 ಫಾರಂ ತುಂಬುವವರು ಬೇರೆಯವರು. ಅದೇ ಪದ್ಧತಿಯಲ್ಲಿ ವರ್ಷಗಟ್ಟಲೆ ಬೆಳೆದವರ ಕೈಗೆ 'ನಿಮ್ಮ ಹಿರಿಮೆ ಬರೆಯಿರಿ' ಎಂದು ಕಾಗದ ಕೊಟ್ಟರೆ ಬರುವುದು ಇಂಥ ಒಂದು ಸಾಲೇ. ತಪ್ಪು ಫಾರಂನದು.

ಮಧ್ಯಾಹ್ನ ದಾರಿ ಬದಲಿಸಿದೆವು. ಮೊದಲ ಸೆಮಿಸ್ಟರಿನ ನಾಲ್ವರು ಮಾಜಿ ಸೈನಿಕರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆವು: 'ಜಿಐ ಬಿಲ್ ಹಣ (ಮಾಜಿ ಸೈನಿಕರ ಓದಿಗೆ ಸರ್ಕಾರ ಕೊಡುವ ನೆರವು) ಸಿಕ್ಕಿಹಾಕಿಕೊಂಡಾಗ ಯಾರ ಹತ್ತಿರ ಹೋದಿರಿ?' ಮೂವರ ಬಾಯಲ್ಲೂ ಆ ಒಂದೇ ಸಾಲು ಬರೆದವರ ಹೆಸರು.

ಈ ಹಣದ ವಿಷಯದಲ್ಲಿ ಎಡವುವುದು ಸುಲಭ. 2009ರಲ್ಲಿ ಜಾರಿಗೆ ಬಂದ ಹೊಸ ಜಿಐ ಬಿಲ್‌ನಲ್ಲಿ ವಸತಿ ಭತ್ಯೆ ಬರುವುದು ತಿಂಗಳು ಮುಗಿದ ಮೇಲೆ. ಮೊದಲ ಬಾಡಿಗೆ ಕೈಯಿಂದಲೇ ಹೋಗಬೇಕು. ಪ್ರತಿ ತಿಂಗಳೂ ದಾಖಲಾತಿ ಖಚಿತಪಡಿಸಬೇಕು. ಸತತ ಎರಡು ತಿಂಗಳು ಮರೆತರೆ ಭತ್ಯೆ ನಿಲ್ಲುತ್ತದೆ. ಕಷ್ಟದ ಕೋರ್ಸೊಂದನ್ನು ನಡುವೆ ಬಿಟ್ಟು ಓದಿನ ಹೊರೆ ಅರ್ಧಕ್ಕೆ ಇಳಿದರೆ ಭತ್ಯೆಯೂ ಹೋಯಿತು, ಕೊಟ್ಟ ಹಣ ಸಾಲವಾಗಿ ತಿರುಗಿಬರಲೂಬಹುದು. ಈ ಮನುಷ್ಯ ಪ್ರತಿ ಮಂಗಳವಾರ ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಹೊಸಬರ ಲ್ಯಾಪ್‌ಟಾಪ್ ತೆರೆಸಿ, ಕೋರ್ಸ್ ಬಿಡುವ ಗುಂಡಿ ಒತ್ತುವ ಮೊದಲು ದಾಖಲಾತಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವ ವಿಶ್ವವಿದ್ಯಾಲಯದ ಪ್ರಮಾಣೀಕರಣ ಅಧಿಕಾರಿಗೆ ಮೇಲ್ ಬರೆಸುತ್ತಿದ್ದರು. ಮೇಲ್ ಹೋದ ಮೇಲೇ ಎದ್ದೇಳಲು ಬಿಡುತ್ತಿದ್ದುದು.

ಹಾಗೆಂದು ಮೌನವಾಗಿರುವವರೆಲ್ಲ ನಾಯಕರಲ್ಲ. ಕೆಲವರಿಗೆ ಸೇನೆಯ ನೆನಪೇ ಬೇಡ, ಸುಮ್ಮನೆ ಓದಿಕೊಂಡು ಹೋಗಬೇಕು. ಅವರನ್ನು ವೇದಿಕೆಗೆ ಎಳೆಯುವುದು ಗೌರವವಲ್ಲ. ಅದಕ್ಕೇ ಹೆಸರು ಪ್ರಕಟಿಸುವ ಮೊದಲು ಒಪ್ಪಿಗೆ ಕೇಳಬೇಕು. ಯುದ್ಧದ ಕಥೆ ಕೇಳಬಾರದು, 'ವೀರ' ಎಂಬ ಪದ ಆಹ್ವಾನಪತ್ರದಲ್ಲಿ ಬೇಡ.

ಸಂಜೆ ಅವರಿಗೆ ಫೋನ್ ಮಾಡಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದ್ದು ಒಂದೇ: 'ಸಮಾರಂಭ ಮಂಗಳವಾರ ಅಲ್ಲ ತಾನೇ? ಅವತ್ತು ಹುಡುಗರು ಬರ್ತಾರೆ.'