ಗೋಡೆಗೆ ಮುಖ ಮಾಡಿ ಪಾಸಾದವಳು

ಭಾನುವಾರ ಮಗಳಿಗೆ ಕರಾಟೆಯ ಕಿತ್ತಳೆ ಬೆಲ್ಟ್ ಬಂತು. ಇವತ್ತು ಗುರುವಾರ. ಮೊಳೆಗೆ ನೇತುಹಾಕಿದ ಆ ಬೆಲ್ಟ್ ಕಣ್ಣಿಗೆ ಬಿದ್ದಾಗಲೆಲ್ಲ ಒಂದೇ ಮಾತು ಕೇಳಿಸುತ್ತಿದೆ. "ಫೀ ಕಟ್ಟೀರಲ್ರೀ ಮೇಡಂ."

ಪರೀಕ್ಷೆ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಚೆಂಡು ಹೂವು ಇನ್ನೂ ಕಂಬಗಳಲ್ಲಿ ನೇತಾಡುತ್ತಿತ್ತು. ಒಟ್ಟು 43 ಮಕ್ಕಳು. ಐದೈದು ಮಂದಿಯನ್ನು ಸಾಲಾಗಿ ನಿಲ್ಲಿಸಿ ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಂದಾದ ಮೇಲೊಂದು ಪಟ್ಟು, ಮಾಡಿಸುತ್ತಿದ್ದರು. ನನ್ನ ಮಗಳದು ಹೇಯಾನ್ ಶೋದಾನ್, 21 ಹೆಜ್ಜೆಯ ಕಟಾ. ಎಡಕ್ಕೆ ತಿರುಗಿ ಶುರು ಮಾಡಿ, ಹೊಡೆಯುತ್ತಾ ತಡೆಯುತ್ತಾ ಸುತ್ತಾಡಿ, ಕಡೆಗೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಉಳಿದ ನಾಲ್ವರು ಬಂದು ನಿಂತರು. ಇವಳು ನಡುವೆ ಎಲ್ಲೋ ಒಂದು ತಿರುವು ಮರೆತಿದ್ದಳು. ಎಲ್ಲ ಮುಗಿದಾಗ ಊಟದ ಹಾಲ್‌ನ ಬಾಗಿಲ ಹತ್ತಿರ, ಗೋಡೆಗೆ ಮುಖ ಮಾಡಿ, ಮುಷ್ಟಿ ಬಿಗಿದು ನಿಂತಿದ್ದಳು. 'ಕಿಯಾಯ್' ಅಂತ ಕೂಗುವುದನ್ನು ಮಾತ್ರ ಒಂದೂ ಬಿಟ್ಟಿರಲಿಲ್ಲ.

ಮಧ್ಯಾಹ್ನದೊಳಗೆ 43 ಮಕ್ಕಳಿಗೂ ಬೆಲ್ಟ್, 43 ಮಕ್ಕಳಿಗೂ ಸರ್ಟಿಫಿಕೇಟ್. ನಾನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿಯೂ ಆಗಿತ್ತು. ಚಪ್ಪಲಿ ಹಾಕಿಕೊಳ್ಳುವಾಗ ಅವಳೇ ಕೇಳಿದಳು. "ಮಮ್ಮಿ, ನಾ ಗ್ವಾಡಿ ಕಡೆ ನಿಂತಿದ್ನೆಲ್ಲಾ, ಮತ್ತ ಹೆಂಗ ಪಾಸ್ ಆದೆ?"

ನನಗೂ ಹೌದಲ್ಲ ಅನ್ನಿಸಿತು. ಮ್ಯಾಟ್ ಸುತ್ತುತ್ತಿದ್ದ ಸರ್ ಹತ್ತಿರ ಹೋಗಿ ನಗುತ್ತಲೇ ಅದೇ ಪ್ರಶ್ನೆ ಕೇಳಿದೆ. ಅವರೂ ನಕ್ಕರು. "ಫೀ ಕಟ್ಟೀರಲ್ರೀ ಮೇಡಂ. ಪಾಸ್ ಆಗ್ತಾಳ ಬಿಡ್ರೀ."

ತಮಾಷೆಗೇ ಹೇಳಿದ್ದು ಇರಬಹುದು. ಆದರೆ ಮಗಳು ನನ್ನ ಸೊಂಟಕ್ಕೆ ಅಂಟಿಕೊಂಡು ನಿಂತು ಕೇಳಿಸಿಕೊಂಡಳು. ಗೋಳಗುಮ್ಮಟದೊಳಗೆ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಸುತ್ತಿ ಸುತ್ತಿ ವಾಪಸ್ ಬರುತ್ತಲ್ಲ, ಹಾಗಾಗಿದೆ ನನ್ನ ತಲೆ.

ಆ ಸರ್ ಕೆಟ್ಟವರಲ್ಲ. ಮಕ್ಕಳಿಗೆ ಬೈಯುವುದಿಲ್ಲ, ಹೊಡೆಯುವುದಿಲ್ಲ, ಒಂದು ದಿನ ಕ್ಲಾಸ್ ತಪ್ಪಿಸುವುದಿಲ್ಲ. ನನ್ನ ಮುಖ ನೋಡಿ ಅವರಿಗೂ ಏನೋ ಅನ್ನಿಸಿರಬೇಕು, ಆಮೇಲೆ ತಾವಾಗಿಯೇ ಹೇಳಿದರು. "ಮೊದಲ ನಾನೂ ಫೇಲ್ ಮಾಡ್ತಿದ್ನಿರೀ. ಒಮ್ಮೆ ನಾಕ ಮಂದೀನ ಫೇಲ್ ಮಾಡಿದೆ. ನಾಕೂ ಮಂದಿ ಬ್ಯಾರೆ ಕ್ಲಾಸಿಗೆ ಹೋದ್ರು. ಎರಡ ತಿಂಗಳದಾಗ ಅಲ್ಲೇ ಬೆಲ್ಟೂ ಬಂತು." ಹಾಲ್ ಬಾಡಿಗೆ ಇದೆ. ಸರ್ಟಿಫಿಕೇಟ್‌ಗೆ ಮೇಲಿನವರಿಗೆ ದುಡ್ಡು ಕಳಿಸಬೇಕು. ಅದಕ್ಕಿಂತ ಹೆಚ್ಚಾಗಿ, ಸೇರಿಸಲು ಬರುವ ತಂದೆತಾಯಿ ಮೊದಲು ಕೇಳುವುದೇ "ಬ್ಲ್ಯಾಕ್ ಬೆಲ್ಟ್ ಎಷ್ಟು ವರ್ಷಕ್ಕೆ?" ಅಂತ. ನಾನೂ ಅದನ್ನೇ ಕೇಳಿದ್ದೆ. ಸರ್, ನೀವು ಯಾರ ಹತ್ತಿರ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಅಂತ ಕೇಳಲಿಲ್ಲ. ತರಕಾರಿ ತರುವಾಗ ಬದನೆಕಾಯಿ ತಿರುಗಿಸಿ ಮುರುಗಿಸಿ ನೋಡುವ ನಾನು!

ಅಂದು ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಓದುತ್ತಾ ಕೂತೆ. ಈ ಬೆಲ್ಟಿನ ಪದ್ಧತಿ ಹುಟ್ಟಾ ಕರಾಟೆಯದೇ ಅಲ್ಲವಂತೆ. ಜೂಡೋ ಕಟ್ಟಿದ ಜಿಗೊರೊ ಕಾನೊ 1883ರಲ್ಲಿ ಶಿಷ್ಯರಿಗೆ 'ದಾನ್' ದರ್ಜೆ ಕೊಡಲು ಶುರು ಮಾಡಿದರು. ಓಕಿನಾವಾದಿಂದ ಕರಾಟೆಯನ್ನು ಟೋಕಿಯೋಗೆ ತಂದ ಗಿಚಿನ್ ಫುನಾಕೋಶಿ ಅದನ್ನೇ ತೆಗೆದುಕೊಂಡು 1924ರಲ್ಲಿ ಮೊದಲ ಕಪ್ಪು ಬೆಲ್ಟ್‌ಗಳನ್ನು ಕೊಟ್ಟರು. ನಡುವಿನ ಬಣ್ಣಬಣ್ಣದ ಬೆಲ್ಟ್‌ಗಳು ಜಾಸ್ತಿಯಾದದ್ದು 1930ರ ದಶಕದಲ್ಲಿ, ಯುರೋಪಿನ ಜೂಡೋ ಕ್ಲಾಸುಗಳಲ್ಲಿ. ಕಲಿಯುವವರ ಹುಮ್ಮಸ್ಸು ಇಳಿಯಬಾರದಲ್ಲ! ಇನ್ನೊಂದು ಮಜಾ ನೋಡಿ. ಕಪ್ಪು ಬೆಲ್ಟಿನ ಮೊದಲ ದರ್ಜೆಯ ಹೆಸರೂ 'ಶೋದಾನ್', ಅಂದರೆ ಮೊದಲ ಮೆಟ್ಟಿಲು. ನಮ್ಮಲ್ಲಿ ಕಪ್ಪು ಬೆಲ್ಟ್ ಸಿಕ್ಕ ಮೇಲೆ ಫೋಟೋಗೆ ಚೌಕಟ್ಟು ಹಾಕಿಸಿ ಕ್ಲಾಸ್ ಬಿಡಿಸುತ್ತೇವೆ. ಆಗ ಎಸ್ಸೆಸ್ಸೆಲ್ಸಿ ಬಂದಿರುತ್ತದೆ.

ನಿಜ ಹೇಳಬೇಕೆಂದರೆ ನಾನು ಅವಳನ್ನು ಸೇರಿಸಿದ್ದು ಬೆಲ್ಟಿಗಲ್ಲ, ಹೆದರಿಕೆಗೆ. ಹೆಣ್ಣುಮಗು, ಟ್ಯೂಷನ್ ಮುಗಿಸಿ ಸಂಜೆ ಒಬ್ಬಳೇ ಬರುತ್ತಾಳೆ. 14 ತಿಂಗಳಾಯಿತು. ಇಷ್ಟು ದಿನದಲ್ಲಿ ಯಾರೂ ಅವಳ ಕೈ ಹಿಡಿದು ಎಳೆದು, ಈಗ ಬಿಡಿಸಿಕೋ ನೋಡೋಣ ಅಂದಿಲ್ಲ. ಗಾಳಿಗೆ ಒದ್ದಿದ್ದಾಳೆ, ಗಾಳಿಗೆ ಗುದ್ದಿದ್ದಾಳೆ. ಗಾಳಿ ತಿರುಗಿ ಹೊಡೆಯುವುದಿಲ್ಲ. ವಾರ್ಷಿಕೋತ್ಸವದಲ್ಲಿ ಮಾತ್ರ ಹಂಚು ಒಡೆಯುವುದು ಇರುತ್ತದೆ. ಹಂಚುಗಳ ನಡುವೆ ಸಣ್ಣ ತುಂಡು ಇಟ್ಟು ಸಂದು ಬಿಟ್ಟಿದ್ದರೆ ಮೇಲಿನದು ಕೆಳಗಿನದನ್ನು ಒಡೆಯುತ್ತಾ ಹೋಗುತ್ತದೆ, ಕೈಗೆ ಅಷ್ಟು ಕೆಲಸವಿಲ್ಲ. ಚಪ್ಪಾಳೆ ಮಾತ್ರ ಕೈಗೇ.

ಮಾವನವರು ಹುಡುಗರಿದ್ದಾಗ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಸಾಮು ಮಾಡಿದವರು. ಸಿದ್ಧೇಶ್ವರ ಜಾತ್ರೆಯ ಕುಸ್ತಿ ಕಣದಲ್ಲಿ ಇಳಿದವರು. ಸರ್ಟಿಫಿಕೇಟ್ ತೋರಿಸಿದರೆ ಕನ್ನಡಕ ಏರಿಸಿ, ಹಿಂದೆ ಮುಂದೆ ನೋಡಿ, "ಕುಸ್ತಿಯಾಗ ಬೆನ್ನಿಗಿ ಮಣ್ಣ ಹತ್ತಿತಂದ್ರ ಸೋತಂಗ. ಇದೆಲ್ಲಾ ಯಾಕ ಬೇಕವಾ?" ಅಂದರು. ಮಾತು ಖರೆ. ಸೋತದ್ದು ಇಡೀ ಜಾತ್ರೆಗೆ ಕಾಣುತ್ತಿತ್ತು. ಆದರೆ ಅವರು ಕುಸ್ತಿ ಕಲಿಸಿದ ವಸ್ತಾದರ ಕಥೆ ಶುರು ಮಾಡಿದರೆ ನನಗೆ ಒಳಗೊಳಗೇ ಸಿಟ್ಟೂ ಬರುತ್ತದೆ. ಆ ತಾಲೀಮಿನ ಹೊಸ್ತಿಲನ್ನು ಅವರ ಮನೆಯ ಒಬ್ಬ ಹೆಣ್ಣುಮಗಳೂ ದಾಟಿಲ್ಲ. ಈ ಫೀ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರಿದ್ದಾರೆ. ಅದಕ್ಕೇ ಬಿಡಿಸಲು ಮನಸ್ಸು ಬರುತ್ತಿಲ್ಲ.

ನಿನ್ನೆ ಗ್ರೂಪಿಗೆ ಮೆಸೇಜ್ ಬಂತು. ಮುಂದಿನ ಬೆಲ್ಟ್ ಪರೀಕ್ಷೆಗೆ ಈ ತಿಂಗಳೇ ದುಡ್ಡು ಕಟ್ಟಿದವರಿಗೆ 200 ರೂಪಾಯಿ ಕಡಿಮೆ. ಕೆಳಗೆ ಹನ್ನೊಂದು ಹೆಬ್ಬೆರಳು. "ಈ ಸಲ ಕಟಾ ಬರದಿದ್ದರೆ ಫೇಲ್ ಮಾಡಿ ಸರ್" ಅಂತ ಟೈಪ್ ಮಾಡಿದೆ. ಅಳಿಸಿದೆ. ಉಳಿದ ತಾಯಂದಿರು ಏನಂದುಕೊಂಡಾರು!

ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯಲು ಹೋದರೆ ಮುತ್ಯಾ ಮೊಮ್ಮಗಳು ಇಬ್ಬರೂ ಅಲ್ಲೇ ಇದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುಂಡು ಬರೆದಿತ್ತು. ಅವಳು ಕಿತ್ತಳೆ ಬೆಲ್ಟ್ ಬಿಗಿದುಕೊಂಡು ಅದರೊಳಗೆ ನಿಂತು ಶುರು ಮಾಡಿದಳು. ಕರಾಟೆಯ ಗಂಧಗಾಳಿ ಗೊತ್ತಿಲ್ಲದ ಮಾವನವರು ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದರು. ಇಪ್ಪತ್ತೊಂದಕ್ಕೆ ಅವಳು ನಿಂತಾಗ ಗುಂಡು ಪಕ್ಕಕ್ಕೆ ಉಳಿದಿತ್ತು.

"ಇನ್ನೂ ಒಂದ ಮೊಳ ಐತಿ," ಅಂದರು ಮಾವನವರು. "ಹೂಂ, ಮತ್ತೊಮ್ಮಿ."