‘ನಮ್ಮ ಸಂಗೀತ ಇರುವಾಗ ಅದ್ಯಾಕೆ?’ ಎಂದು ಕೇಳುವವರಿಗೆ

ಮದುವೆ ಮನೆ, ಕನ್ನಡ ಸಂಘದ ಯುಗಾದಿ ಊಟ, ಮೈಸೂರಿಗೆ ಬಂದಾಗ ಬಂಧುಗಳ ಮನೆಯ ಕಾಫಿ. ಎಲ್ಲಿ ಹೋದರೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ‘ವೀಣೆ ಕಲಿತವಳು ನೀನು. ನಮ್ಮ ಸಂಗೀತ ಇರುವಾಗ ಆ ಅಮೆರಿಕದವರ ಹಳ್ಳಿ ಹಾಡು ಅದ್ಯಾಕೆ?’

ಇಷ್ಟು ವರ್ಷ ಏನೋ ಒಂದು ಹೇಳಿ ಮಾತು ಮುಗಿಸುತ್ತಿದ್ದೆ. ಇನ್ನು ಆಗಲ್ಲ. ಇಲ್ಲಿ ಬರೆದಿಡುತ್ತೇನೆ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಒಂದು ಸಂಗೀತ ಇದ್ದರೆ ಇನ್ನೊಂದನ್ನು ಕೇಳಬಾರದು ಅಂತ ಎಲ್ಲಿದೆ? ಮನೆಯಲ್ಲಿ ಸಾರು ಇದೆ, ಮಜ್ಜಿಗೆಹುಳಿ ಯಾಕೆ ಮಾಡಿದ್ರಿ ಅಂತ ಯಾರೂ ಕೇಳುವುದಿಲ್ಲ. ನಾನು ವೀಣೆ ಬಿಟ್ಟಿಲ್ಲ. ಈಗಲೂ ಬೆಳಿಗ್ಗೆ ಕೂರುತ್ತೇನೆ. ಸಂಜೆ ಬ್ಲೂಗ್ರಾಸ್ ಕೇಳುತ್ತೇನೆ. ಪಿಟೀಲು, ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ ಎಂಬ ತಂತಿವಾದ್ಯ ಇವುಗಳ ಜೊತೆ ಹಾಡುವ ಅಮೆರಿಕದ ಸಂಗೀತ ಅದು, ನೀವು ‘ಹಳ್ಳಿ ಹಾಡು’ ಅನ್ನುವುದು. ಇದರಿಂದ ತ್ಯಾಗರಾಜರಿಗೆ ಏನೂ ಕಡಿಮೆಯಾಗಿಲ್ಲ.

ಇನ್ನು ಆ ‘ಹಳ್ಳಿ ಹಾಡು’ ಅನ್ನುವ ಮಾತು. ಇದು ನನ್ನನ್ನು ಜಾಸ್ತಿ ಕೆರಳಿಸುತ್ತದೆ. ಹಳ್ಳಿಯದಾಗಿದ್ದರೆ ತಪ್ಪೇನು ಎನ್ನುವುದು ಒಂದು ಕಡೆ ಇರಲಿ. ವಿಷಯವೇ ಹಾಗಿಲ್ಲ. ಬ್ಲೂಗ್ರಾಸ್ ಯಾವುದೋ ಕಾಲದಿಂದ ಬೆಟ್ಟದ ಮೇಲೆ ಹಾಡಿಕೊಂಡು ಬಂದ ಹಾಡಲ್ಲ. ಅದರ ಹಿಂದೆ ಹಳೆಯ ಬೇರುಗಳಿವೆ, ನಿಜ. ಪಿಟೀಲಿನ ಮಟ್ಟುಗಳು ಬ್ರಿಟನ್, ಐರ್ಲೆಂಡ್ ಕಡೆಯಿಂದ ವಲಸೆ ಬಂದವರ ಜೊತೆ ಬಂದವು. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ. ಆದರೆ ಇವತ್ತು ನಾವು ಬ್ಲೂಗ್ರಾಸ್ ಅನ್ನುವ ಶೈಲಿ ಗಟ್ಟಿಯಾಗಿದ್ದು 1945ರ ಕೊನೆಯಲ್ಲಿ. ಕೆಂಟಕಿಯ ಬಿಲ್ ಮನ್ರೋ ಅವರ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಎಂಬ ಇಪ್ಪತ್ತೊಂದು ವರ್ಷದ ಹುಡುಗ ಸೇರಿಕೊಂಡ. ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಅವನು ಬ್ಯಾಂಜೊ ನುಡಿಸುವ ವೇಗ ಕೇಳಿ ನ್ಯಾಶ್‌ವಿಲ್‌ನ ರೇಡಿಯೊ ಸಭಾಂಗಣ ಎದ್ದು ಕೂಗಿತು. ಅಂದರೆ ಇದು ರೇಡಿಯೊ ಕಾಲದ ಸಂಗೀತ. ವೃತ್ತಿಪರರು ಕಟ್ಟಿದ್ದು. ವಯಸ್ಸಿನಲ್ಲಿ ನಮ್ಮ ಅಪ್ಪನಿಗಿಂತ ಚಿಕ್ಕದು.

ನಾನು ಕೇಳಿ ಮರುಳಾದದ್ದಂತೂ ಪೂರಾ ಪಟ್ಟಣದ ಬ್ಲೂಗ್ರಾಸ್. ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತಲಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ, ಅದರ ನಂತರವೂ, ವೆಸ್ಟ್ ವರ್ಜೀನಿಯಾ, ವರ್ಜೀನಿಯಾ, ಕೆರೊಲಿನಾಗಳ ಬೆಟ್ಟದೂರುಗಳಿಂದ ಜನ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. ಕೆಲವರಿಗೆ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತು, ಕೆಲವರಿಗೆ ಬಾಲ್ಟಿಮೋರಿನ ಉಕ್ಕಿನ ಕಾರ್ಖಾನೆಗಳಲ್ಲಿ. ಸಂಜೆಯಾದರೆ ಬಾರುಗಳಲ್ಲಿ ಗಿಟಾರ್, ಬ್ಯಾಂಜೊ. ಹೇಜಲ್ ಡಿಕನ್ಸ್ ಹಾಗೆ ಬಂದವರು. ಗಣಿ ಕೆಲಸದವರ ಮನೆಯ ಮಗಳು, ಬಾಲ್ಟಿಮೋರಿಗೆ ಬಂದು ಕಾರ್ಖಾನೆಯಲ್ಲಿ ದುಡಿದರು. ಬ್ಲೂಗ್ರಾಸ್ ಆಗ ಗಂಡಸರದೇ ರಾಜ್ಯ. ಅಂಥ ಹೊತ್ತಿನಲ್ಲಿ ಹೇಜಲ್ ಮತ್ತು ಆಲಿಸ್ ಜೆರಾರ್ಡ್ ಇಬ್ಬರೇ ಹೆಂಗಸರು ಮುಂದೆ ನಿಂತು ಹಾಡಿ, 1965ರಲ್ಲಿ ರೆಕಾರ್ಡ್ ತಂದರು. ಅದರ ಬಗ್ಗೆ ಯಾರೂ ನನ್ನನ್ನು ಕೇಳುವುದಿಲ್ಲ. ಕೇಳಿದರೆ ಒಂದು ಸಂಜೆ ಪೂರ್ತಿ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ಮದುವೆಯಾಗಿ ಮೇರಿಲ್ಯಾಂಡಿಗೆ ಬಂದೆ. ಕೆಲಸ ಮುಗಿಸಿ ಬರುವಾಗ ಕಾರಿನಲ್ಲಿ ರೇಡಿಯೊ. ಡಬ್ಲ್ಯುಎಎಂಯು ಅಂತ, ಅಮೆರಿಕನ್ ಯೂನಿವರ್ಸಿಟಿಯ ಸ್ಟೇಷನ್. ಅವರು 1967ರಿಂದ ಬ್ಲೂಗ್ರಾಸ್ ಹಾಕುತ್ತಿದ್ದರು. ವಾರದ ದಿನ ಮಧ್ಯಾಹ್ನದ ಮೇಲೆ ತಾಸುಗಟ್ಟಲೆ, ಭಾನುವಾರ ಬೆಳಿಗ್ಗೆ ದೇವರ ಹಾಡುಗಳು. ಟ್ರಾಫಿಕ್ ನಿಂತಲ್ಲೇ ನಿಂತಿರುತ್ತಿತ್ತು, ನನಗೆ ಬೇಜಾರೇ ಆಗುತ್ತಿರಲಿಲ್ಲ. ಒಂದು ದಿನ ಅದರಲ್ಲಿ ಸೆಲ್ಡಮ್ ಸೀನ್ ಬಂತು.

ಹೆಸರು ಕೇಳಿರಲಿಕ್ಕಿಲ್ಲ. ಅದಕ್ಕೇ ಹೇಳುತ್ತೇನೆ. 1971ರಲ್ಲಿ, ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ, ಬ್ಯಾಂಜೊ ನುಡಿಸುವ ಬೆನ್ ಎಲ್ಡ್ರಿಜ್ ಅವರ ಮನೆಯ ಬೇಸ್‌ಮೆಂಟಿನಲ್ಲಿ ವಾರಕ್ಕೊಮ್ಮೆ ಕೆಲವರು ಸೇರುತ್ತಿದ್ದರು. ಸುಮ್ನೆ ನುಡಿಸೋದಕ್ಕೆ. ಮ್ಯಾಂಡೊಲಿನ್ನಿಗೆ ಜಾನ್ ಡಫಿ ಬಂದರು. ಡಫಿ ಅದಕ್ಕೆ ಮೊದಲೇ ಕಂಟ್ರಿ ಜೆಂಟಲ್‌ಮೆನ್ ತಂಡದಲ್ಲಿ ಹೆಸರು ಮಾಡಿ, 1969ರಲ್ಲಿ ಬಿಟ್ಟು, ವಾದ್ಯಗಳ ರಿಪೇರಿ ಮಾಡಿಕೊಂಡಿದ್ದರು. ಊರೂರು ತಿರುಗುವುದು ಬೇಡ, ವಾರಕ್ಕೊಂದು ದಿನ ಇಲ್ಲೇ ನುಡಿಸೋಣ ಅಂತ ಎಲ್ಲರದೂ ಒಂದೇ ಮಾತು. ನೀವು ಕಣ್ಣಿಗೆ ಬೀಳುವುದೇ ಅಪರೂಪ ಆಗುತ್ತೆ ಎಂದು ಡಫಿಯವರ ಹಳೆಯ ಜೊತೆಗಾರ ಚಾರ್ಲಿ ವಾಲರ್ ಕಾಲೆಳೆದರಂತೆ. ‘ಸೆಲ್ಡಮ್ ಸೀನ್’ ಅಂದರೆ ಇಂಗ್ಲಿಷಿನಲ್ಲಿ ಕೇಳುವುದಕ್ಕೆ ಹಾಗೇ, ಅಪರೂಪಕ್ಕೆ ಕಾಣುವವರು. ಅದೇ ತಂಡದ ಹೆಸರಾಯಿತು.

1972ರ ಜನವರಿಯಿಂದ ಬೆಥೆಸ್ಡಾದ ರೆಡ್ ಫಾಕ್ಸ್ ಇನ್‌ನಲ್ಲಿ ವಾರವಾರ ನುಡಿಸಿದರು. ಆಮೇಲೆ ನದಿಯ ಆಚೆ ದಡಕ್ಕೆ ಹೋದರು, ವರ್ಜೀನಿಯಾದ ಬರ್ಚ್‌ಮಿಯರ್ ಎಂಬ ಕ್ಲಬ್ಬಿಗೆ. ಅಲ್ಲಿ ಗುರುವಾರ ಅಂದರೆ ಸೆಲ್ಡಮ್ ಸೀನ್. ವರ್ಷಗಟ್ಟಲೆ ಹಾಗೇ.

ನೋಡಿ, ನಾನು ಬೇರೆ ಎಲ್ಲಿಂದಲೋ ಹುಡುಕಿ ತಂದ ಸಂಗೀತ ಅಲ್ಲ ಇದು. ನಾನು ತರಕಾರಿ ತರುವ ರಸ್ತೆಯಿಂದ ಬಂದದ್ದು. ನನ್ನ ಕೇಳುವ ಸಂಘದವರಲ್ಲಿ ಅರ್ಧ ಜನರ ಮನೆ ಬೆಥೆಸ್ಡಾದ ಹತ್ತಿರವೇ ಇದೆ. ಅಲ್ಲೇ ಮನೆ ಕೊಂಡು, ಅಲ್ಲೇ ಮಕ್ಕಳನ್ನು ಓದಿಸಿ, ಅಲ್ಲಿ ಹುಟ್ಟಿದ ಸಂಗೀತವನ್ನು ‘ಅವರದು’ ಅಂತಾರೆ!

ಅಪ್ಪ ಮೈಸೂರಿನಿಂದ ಬಂದಿದ್ದಾಗ ಒಂದು ಗುರುವಾರ ಬರ್ಚ್‌ಮಿಯರ್‌ಗೆ ಕರೆದುಕೊಂಡು ಹೋದೆ. ಅವರಿಗೆ ಆಗಲೇ ಅರವತ್ತು ದಾಟಿತ್ತು. ರಾಮನವಮಿ ಕಚೇರಿಗಳಲ್ಲಿ ಮುಂದಿನ ಸಾಲು ಬಿಡದವರು. ಯಜಮಾನರಿಗೆ ಸ್ವಲ್ಪ ಹೆದರಿಕೆ. ‘ಮಾವನವರಿಗೆ ಕುಡಿಯೋ ಜಾಗ ಅಂದ್ರೆ ಏನನ್ನಿಸುತ್ತೋ’ ಅಂದರು. ಹೋಗಿ ಕೂತೆವು. ಅಪ್ಪನಿಗೆ ಐಸ್ ಇಲ್ಲದ ನೀರು ಕೇಳಿ ತರಿಸಿದೆ. ಮೇಜಿನ ಮೇಲೆ ಒಂದು ಚೀಟಿ ಇತ್ತು. ಹಾಡುವಾಗ ದಯವಿಟ್ಟು ಮಾತಾಡಬೇಡಿ ಎನ್ನುವ ಅರ್ಥದ್ದು. ಆ ಜಾಗದ ಮಾಲೀಕ ಗ್ಯಾರಿ ಓಲ್ಜಿ 1966ರಲ್ಲಿ ಅದನ್ನು ಊಟದ ಹೋಟೆಲಾಗಿ ತೆರೆದವರು. ಸಂಗೀತ ಶುರು ಮಾಡಿದ ಮೇಲೆ ಈ ನಿಯಮ ತಂದರು. ಅಪ್ಪ ಕನ್ನಡಕ ಹಾಕಿಕೊಂಡು ಚೀಟಿಯನ್ನು ಪೂರ್ತಿ ಓದಿದರು. ‘ನಮ್ಮ ಸಭೆಗಳಲ್ಲೂ ಇದನ್ನ ಇಡಬೇಕು’ ಎಂದರು.

ಡಫಿ ಬಂದರು. ಎತ್ತರದ, ದಪ್ಪನೆಯ ಆಳು. ಗಿಡ್ಡ ಕತ್ತರಿಸಿದ ಕೂದಲು, ಕಣ್ಣು ಕುಕ್ಕುವ ಬಣ್ಣದ ಪ್ಯಾಂಟು. ಅವರ ಕೈಯಲ್ಲಿ ಮ್ಯಾಂಡೊಲಿನ್ ಆಟಿಕೆಯ ಹಾಗೆ ಕಾಣುತ್ತಿತ್ತು. ಜನರನ್ನು ನಗಿಸುತ್ತಾ, ರೇಗಿಸುತ್ತಾ ಮಾತಾಡಿದರು. ಅಪ್ಪನಿಗೆ ಆ ಇಂಗ್ಲಿಷು ಅರ್ಥವಾಗಲಿಲ್ಲ. ಆಮೇಲೆ ಹಾಡಿದರು. ಅಷ್ಟು ದೊಡ್ಡ ಮೈಯಿಂದ ಅಷ್ಟು ಮೇಲಿನ ದನಿ! ಡಫಿಯವರ ತಂದೆ ಆಪೆರಾ ಗಾಯಕರಾಗಿದ್ದರು. ಉಸಿರಿನ ಮೇಲೆ ಆ ಹಿಡಿತ ಎಲ್ಲಿಂದ ಬಂತು ಅಂತ ಅದರಿಂದ ಗೊತ್ತಾಗುತ್ತದೆ. ಮೂವರು ಒಟ್ಟಿಗೆ ಹಾಡುವಾಗ ಅಪ್ಪ ಮುಂದಕ್ಕೆ ಬಗ್ಗಿ ಕೂತರು. ಮೂರು ದನಿ, ಮೂರು ಬೇರೆ ಸ್ವರ, ಒಂದೇ ಉಸಿರಿನಲ್ಲಿ ಎತ್ತಿ ಒಂದೇ ಉಸಿರಿನಲ್ಲಿ ನಿಲ್ಲಿಸುವುದು. ಇದು ನಮ್ಮಲ್ಲಿಲ್ಲ. ಇಲ್ಲ ಅಂತ ಹೇಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಅಪ್ಪನ ಕಣ್ಣು ನಿಂತಿದ್ದು ಮೈಕ್ ಆಲ್ಡ್ರಿಜ್ ಮೇಲೆ. ಅವರದು ಡೊಬ್ರೊ. ನೋಡಲು ಗಿಟಾರೇ. ಆದರೆ ಹೊಟ್ಟೆಯ ಮೇಲೆ ತೂತು ತೂತಿನ ಒಂದು ಲೋಹದ ತಟ್ಟೆ. ಅದರ ಕೆಳಗೆ ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲು, ಸದ್ದನ್ನು ಹೊರಗೆ ತಳ್ಳುವುದಕ್ಕೆ. ವಿದ್ಯುತ್ತಿನ ಗಿಟಾರ್ ಇನ್ನೂ ಬಳಕೆಗೆ ಬರದಿದ್ದ ಕಾಲದಲ್ಲಿ, ಇಪ್ಪತ್ತರ ದಶಕದ ಕೊನೆಗೆ, ಸ್ಲೊವಾಕಿಯಾ ಕಡೆಯಿಂದ ಅಮೆರಿಕಕ್ಕೆ ಬಂದಿದ್ದ ಡೊಪಿಯೆರಾ ಸಹೋದರರು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ವಾದ್ಯ ಅದು. ವಾದ್ಯ ಅಂಗಾತ ಮಲಗಿರುತ್ತದೆ. ತಂತಿಗಳು ಮನೆಗಳಿಂದ, ಅಂದರೆ ಸ್ವರದ ಪಟ್ಟಿಗಳಿಂದ, ಎಷ್ಟೋ ಮೇಲೆ. ಎಡಗೈ ತಂತಿಯನ್ನು ಒತ್ತುವುದಿಲ್ಲ. ಒಂದು ಉಕ್ಕಿನ ತುಂಡು ಹಿಡಿದು ಅದರ ಮೇಲೆ ಜಾರಿಸುತ್ತದೆ. ಆಲ್ಡ್ರಿಜ್ ಆ ತುಂಡನ್ನು ಎಷ್ಟು ಹಗುರವಾಗಿ ಹಿಡಿಯುತ್ತಿದ್ದರು ಅಂದರೆ, ಸ್ವರ ಮುಟ್ಟಿದ ಮೇಲೆ ಮಣಿಕಟ್ಟು ಮಾತ್ರ ಅಲುಗುತ್ತಿತ್ತು. ಬಲಗೈ ಮೀಟು ಮುಗಿದರೂ ಎಡಗೈಯಲ್ಲಿ ಸ್ವರ ಇನ್ನೂ ಬದುಕಿರುತ್ತಿತ್ತು.

ಅಪ್ಪ ನನ್ನ ಕಿವಿಯ ಹತ್ತಿರ ಬಂದು, ‘ಗೋಟುವಾದ್ಯ ಅಲ್ವೇನೇ ಇದು?’ ಎಂದರು. ನಿಯಮ ಮುರಿದು ಮಾತಾಡಿದ್ದು ಅದೊಂದೇ. ಗೋಟುವಾದ್ಯ ಅಂದರೆ ಮನೆಗಳಿಲ್ಲದ ವೀಣೆ, ಅದನ್ನೂ ತಂತಿಯ ಮೇಲೆ ಒಂದು ತುಂಡು ಜಾರಿಸಿಯೇ ನುಡಿಸುವುದು.

ವೀಣೆ ಕಲಿತವಳಿಗೆ ಇದು ಯಾಕೆ ಎಂದು ಕೇಳುತ್ತೀರಲ್ಲ, ವೀಣೆ ಕಲಿತದ್ದಕ್ಕೇ ಇದು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕೇಳುವುದಕ್ಕೆ ನನ್ನ ಕಿವಿಗೆ ಚಿಕ್ಕಂದಿನಿಂದ ಪಾಠವಾಗಿತ್ತು. ಡೊಬ್ರೊದಲ್ಲಿ ಆ ದಾರಿ ಪೂರ್ತಿ ಕೇಳಿಸುತ್ತದೆ. ಹವಾಯಿ ದ್ವೀಪದ ಜಾರುಗಿಟಾರಿನಿಂದಲೇ ಡೊಬ್ರೊ ಶೈಲಿಯೂ ಬಂತು, ಅದೇ ಗಿಟಾರ್ ನಮ್ಮ ದೇಶಕ್ಕೂ ಬಂದು ಮುಂದೆ ವಿಶ್ವಮೋಹನ ಭಟ್ಟರ ಮೋಹನವೀಣೆಯಾಯಿತು. 1995ರಲ್ಲಿ ಭಟ್ಟರೂ ಡೊಬ್ರೊ ವಾದಕ ಜೆರ್ರಿ ಡಗ್ಲಸ್ಸರೂ ಒಟ್ಟಿಗೆ ನುಡಿಸಿದ ರೆಕಾರ್ಡೇ ಇದೆ. ಅವರಿಬ್ಬರಿಗೆ ಬಾರದ ಅನುಮಾನ ನಿಮಗ್ಯಾಕೆ?

ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ ಒಂದು ಪ್ರಶ್ನೆ ಕೇಳಿದರು. ‘ಇವರೆಲ್ಲ ಬೆಳಿಗ್ಗೆ ಏನು ಕೆಲಸ ಮಾಡ್ತಾರೆ?’

ಎಲ್ಲರೂ ಇದನ್ನು ಕೇಳಬೇಕಿತ್ತು! ಸೆಲ್ಡಮ್ ಸೀನ್ ಶುರುವಾದಾಗ ಎಲ್ಡ್ರಿಜ್ ಗಣಿತಜ್ಞ. ಆಲ್ಡ್ರಿಜ್ ಗ್ರಾಫಿಕ್ ಆರ್ಟಿಸ್ಟ್. ಬಾಸ್ ನುಡಿಸುವ ಟಾಮ್ ಗ್ರೇ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ನಕ್ಷೆ ಬರೆಯುವವರು. ಗಿಟಾರ್ ಹಿಡಿದು ಮುಖ್ಯವಾಗಿ ಹಾಡುತ್ತಿದ್ದ ಜಾನ್ ಸ್ಟಾರ್ಲಿಂಗ್ ಡಾಕ್ಟರು. ವೈದ್ಯ ವೃತ್ತಿಗಾಗಿಯೇ ಅವರು 1977ರಲ್ಲಿ ತಂಡ ಬಿಟ್ಟರು. ಡಫಿಯೊಬ್ಬರೇ ವಾದ್ಯಗಳ ನಡುವೆಯೇ ಇದ್ದವರು. ಹಗಲು ಆಫೀಸು, ಆಸ್ಪತ್ರೆ. ವಾರಕ್ಕೊಂದು ರಾತ್ರಿ ಇದು. ಹೊಟ್ಟೆಪಾಡಿಗೆ ಹಾಡಬೇಕಾಗಿರಲಿಲ್ಲ. ಅದಕ್ಕೇ ಇಷ್ಟ ಬಂದದ್ದನ್ನು ಹಾಡಿದರು. ಬ್ಲೂಗ್ರಾಸ್ಸಿನಲ್ಲಿ ಹಾಡಬಾರದು ಅಂದ ರಾಕ್, ಫೋಕ್ ಹಾಡುಗಳನ್ನೂ ತಂದು ನಾಲ್ಕು ಜನ ಮೆಚ್ಚುವ ಹಾಗೆ ಮಾಡಿದರು. ಹೆಸರಾಂತ ಗಾಯಕಿ ಲಿಂಡಾ ರಾನ್‌ಸ್ಟಾಟ್ ಈ ತಂಡದ ರೆಕಾರ್ಡಿನಲ್ಲಿ ಬಂದು ಹಾಡಿದ್ದು ಸುಮ್ನೆ ಅಲ್ಲ.

ಅಪ್ಪ ಇದನ್ನೆಲ್ಲ ಕೇಳಿ, ‘ಹಾಗಾದ್ರೆ ಕೇಳೋ ಜನ ಯಾರು, ವಾರವಾರ ಬರ್ತಾರಾ?’ ಎಂದರು. ಬರುತ್ತಿದ್ದರು. ಗಾರೆ ಕೆಲಸದವರು, ಸೆನೆಟ್ ಆಫೀಸಿನವರು, ನರ್ಸುಗಳು, ವೆಸ್ಟ್ ವರ್ಜೀನಿಯಾದಿಂದ ಬಂದ ಅಜ್ಜಂದಿರು. ಮೊದಮೊದಲು ಸೀರೆ ಉಟ್ಟುಕೊಂಡು ಹೋಗಿದ್ದ ನನಗೆ ಯಾರೂ ‘ನಿಮಗೆ ಇದು ಯಾಕೆ’ ಅನ್ನಲಿಲ್ಲ. ಪಕ್ಕದ ಕುರ್ಚಿ ಎಳೆದು ಕೊಟ್ಟರು. ‘ಹೋದ ವಾರ ಬರಲಿಲ್ಲ, ಹುಷಾರಿರಲಿಲ್ವಾ?’ ಅಂತ ವಿಚಾರಿಸಿದರು. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಯಾರೋ ನಾನು ಬಾರದ್ದನ್ನು ಗಮನಿಸಿದ್ದರು.

ಊರಿನ ನೆನಪಾಗುತ್ತದೆ, ಅದಕ್ಕೇ ಕೇಳುತ್ತೇನೆ ಎಂದುಬಿಟ್ಟರೆ ಎಲ್ಲರಿಗೂ ಸಮಾಧಾನ ಅಂತ ನನಗೆ ಗೊತ್ತು. ತಲೆ ಆಡಿಸಿ ಪಾಯಸ ಬಡಿಸುತ್ತಾರೆ. ಆದರೆ ಅದು ನಿಜ ಅಲ್ಲ. ಬ್ಲೂಗ್ರಾಸ್ ಕೇಳಿದರೆ ನನಗೆ ಮೈಸೂರು ನೆನಪಾಗುವುದಿಲ್ಲ. ಮೇರಿಲ್ಯಾಂಡ್ ನನ್ನ ಊರಾಗಿದೆ ಅನ್ನಿಸುತ್ತದೆ. ಆ ಗುರುವಾರಗಳು ಇಲ್ಲದಿದ್ದರೆ ಅದು ನಾನು ಕೆಲಸ ಮಾಡುವ ಜಾಗವಾಗಿ ಮಾತ್ರ ಉಳಿಯುತ್ತಿತ್ತು.

ಡಫಿ 1996ರ ಡಿಸೆಂಬರ್ 10ರಂದು ಹೃದಯಾಘಾತದಿಂದ ತೀರಿಕೊಂಡರು. ಮೂರು ತಿಂಗಳ ಹಿಂದಷ್ಟೇ ಬಿಲ್ ಮನ್ರೋ ಹೋಗಿದ್ದರು. ರೇಡಿಯೊದಲ್ಲಿ ಡಫಿಯ ಸುದ್ದಿ ಕೇಳಿ ಅತ್ತೆ. ಯಾರೋ ಬಂಧು ತೀರಿಕೊಂಡರಾ ಎಂದು ಪಕ್ಕದ ಮನೆಯವರು ಕೇಳಿದರು. ಹೌದು ಅಂದೆ. ತಂಡ ನಿಲ್ಲಲಿಲ್ಲ. ಡಡ್ಲಿ ಕಾನೆಲ್ ಹಾಡಿದರು. ಎಲ್ಡ್ರಿಜ್ 2016ರವರೆಗೂ ಬ್ಯಾಂಜೊ ಹಿಡಿದು ನಿಂತರು. ಆಲ್ಡ್ರಿಜ್ 2012ರಲ್ಲಿ, ಸ್ಟಾರ್ಲಿಂಗ್ 2019ರಲ್ಲಿ, ಎಲ್ಡ್ರಿಜ್ 2024ರಲ್ಲಿ ಹೋದರು. ರೇಡಿಯೊದಲ್ಲಿ ವಾರದ ದಿನಗಳ ಬ್ಲೂಗ್ರಾಸ್ 2001ರಲ್ಲೇ ಕಡಿತವಾಗಿತ್ತು. ಕೇಳುಗರು ಜಗಳ ಆಡಿದರು, ನಾನೂ ಪತ್ರ ಬರೆದೆ. ಎಲ್ಡ್ರಿಜ್ ಅವರ ಮಗ ಕ್ರಿಸ್ ಈಗ ಪಂಚ್ ಬ್ರದರ್ಸ್ ತಂಡದಲ್ಲಿ ಗಿಟಾರ್ ನುಡಿಸುತ್ತಾರೆ. ಆ ಹುಡುಗನ ಕೈ ಕೇಳಿದರೆ ಬೇಸ್‌ಮೆಂಟಿನ ಆ ಸಂಜೆಗಳು ದಂಡವಾಗಲಿಲ್ಲ ಅನ್ನಿಸುತ್ತದೆ.

ಮುಂದಿನ ಸಲ ಸಿಕ್ಕಾಗ ‘ಅದ್ಯಾಕೆ’ ಅನ್ನಬೇಡಿ. ‘ಮೊದಲು ಯಾವುದು ಕೇಳಲಿ’ ಅನ್ನಿ. ಜಾರ್ಜ್‌ಟೌನಿನ ಸೆಲ್ಲರ್ ಡೋರ್ ಎಂಬ ಕ್ಲಬ್ಬಿನಲ್ಲಿ ಜನರ ಎದುರು ನುಡಿಸಿದ್ದು 1975ರಲ್ಲಿ ಎರಡು ರೆಕಾರ್ಡುಗಳ ಆಲ್ಬಮ್ಮಾಗಿ ಬಂತು. ಅದರಿಂದ ಶುರು ಮಾಡಿ. ಮೊದಲಿನ ಐದೂ ಜನ ಅದರಲ್ಲಿದ್ದಾರೆ. ಫೋನಿನ ಸ್ಪೀಕರಿನಲ್ಲಿ ಮಾತ್ರ ಹಾಕಬೇಡಿ, ಗ್ರೇ ಅವರ ಬಾಸ್ ಕೇಳಿಸುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಇಲ್ಲದಿದ್ದರೆ ಮನೆಗೆ ಬನ್ನಿ, ನನ್ನ ಹತ್ತಿರ ರೆಕಾರ್ಡೇ ಇದೆ. ಹಾಡು ನಡೆಯುವಾಗ ಮಾತಾಡಬಾರದು.