ದುರ್ಗೆಯ ಮುಂದೆ ಆರು ತಂತಿ

ಪಿಟೀಲು ಹೊರಗಿನಿಂದ ಬಂದ ವಾದ್ಯವೆಂಬುದು ಈಗ ಯಾರ ನೆನಪಿಗೂ ಬರುವುದಿಲ್ಲ. ಕರ್ನಾಟಕ ಸಂಗೀತದ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಯುರೋಪಿನ ವಾದಕರಿಂದ ಅದನ್ನು ಕಲಿತರು. ಅಲ್ಲಿ ಗದ್ದದಡಿ ಹಿಡಿಯುವ ವಾದ್ಯ ಇಲ್ಲಿ ನೆಲಕ್ಕಿಳಿಯಿತು. ನಮ್ಮವರು ಚಕ್ಕಳಮಕ್ಕಳ ಹಾಕಿ ಕುಳಿತು, ಅದರ ತುದಿಯನ್ನು ಬಲಪಾದಕ್ಕೆ ಆನಿಸಿ, ತಂತಿಗಳನ್ನು ಸ–ಪ–ಸ–ಪ ಎಂದು ಶ್ರುತಿ ಮಾಡಿಕೊಂಡರು. ಬೆರಳು ಜಾರಿದಲ್ಲಿ ಗಮಕ, ಅಂದರೆ ಸ್ವರದ ತೂಗಾಟ, ಹುಟ್ಟಿತು. ಪರದೇಶದ ಮರದ ಪೆಟ್ಟಿಗೆಯನ್ನು ತಾಳ್ಮೆಯಿಂದ ದೇವರ ಸನ್ನಿಧಿಗೆ ಒಗ್ಗಿಸಿದ ಆ ಶ್ರಮವೇ ನನಗೆ ಒಂದು ಪೂಜೆಯಾಗಿ ಕಾಣುತ್ತದೆ.

ಹಾರ್ಮೋನಿಯಂ ಹಾಗೆ ಒಗ್ಗಲಿಲ್ಲ. ಅದರ ಸ್ವರ ಜಾರದು, ಅಲುಗದು; 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಿಟ್ಟಿತು. ಭಜನಾ ಮಂಡಳಿಗಳು ಮಾತ್ರ ಬಿಡಲಿಲ್ಲ. ಶ್ರುತಿ ಸಿಗದ ಗಂಟಲಿಗೂ ಆಸರೆಯಾಗುವ ವಾದ್ಯವನ್ನು ಭಜನೆ ಹೇಗೆ ಬಿಟ್ಟೀತು?

ತೀರ್ಥಹಳ್ಳಿ ಕಡೆಯ ನಮ್ಮೂರ ದುರ್ಗೆಯ ಗುಡಿಗೆ ಈ ನವರಾತ್ರಿಯಲ್ಲಿ ಗಿಟಾರ್ ಬಂದಿದೆ. ಶಿವಮೊಗ್ಗದಲ್ಲಿ ಓದುವ ಹುಡುಗಿ ತಂದದ್ದು. ದೇವರ ಮುಂದೆ ಇದು ಸಲ್ಲುತ್ತದೆಯೇ ಎಂದು ಹಾರ್ಮೋನಿಯಂ ನುಡಿಸುವ ಹಿರಿಯರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆಕೆ ವಾದಿಸಲಿಲ್ಲ, ತಂತಿಗಳನ್ನು ಷಡ್ಜ, ಪಂಚಮಗಳಿಗೆ ಇಳಿಸಿ ತಂಬೂರಿಯ ಹಾಗೆ ಮೀಟುತ್ತಾ ಕುಳಿತಳು. ಹಸ್ತ ಮಳೆಯ ಥಂಡಿಗೆ ಪಿಟೀಲಿನ ಶ್ರುತಿ ಮತ್ತೆ ಮತ್ತೆ ತಪ್ಪುತ್ತಿತ್ತು. ಗಿಟಾರಿನ ಶ್ರುತಿ ಕದಲಲಿಲ್ಲ. ಮೋಹನ ರಾಗದ ಭಜನೆಗೆ ಮೆಲ್ಲನೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ, ಸೇರಿಸಿದಳು, ಹೊಂದಿತು. ತೋಡಿ ರಾಗದ ದೇವರನಾಮ ಬಂದಾಗ ಕಾರ್ಡ್ ಬಿಟ್ಟಳು. ಅಲುಗುತ್ತಲೇ ಬದುಕುವ ತೋಡಿಯ ಗಾಂಧಾರ ಸ್ವರದ ಮೇಲೆ ನಿಶ್ಚಲವಾದ ಕಾರ್ಡ್ ಹೇರಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಯಾವಾಗ ಸುಮ್ಮನಿರಬೇಕೆಂಬುದು ಆಕೆಗೆ ತಿಳಿದಿತ್ತು. ಪೂರ್ವ–ಪಶ್ಚಿಮಗಳ ಬೆರಕೆಯೆಂದು ಅಬ್ಬರಿಸುವ ಎಷ್ಟೋ ಕಛೇರಿಗಳಲ್ಲಿ ಈ ವಿನಯವನ್ನೇ ನಾನು ಕಾಣಲಿಲ್ಲ.

ಸರಸ್ವತಿ ಪೂಜೆಗೆ ಪುಸ್ತಕ, ಪಿಟೀಲುಗಳ ಜೊತೆ ಗಿಟಾರನ್ನೂ ಇಟ್ಟು ಕುಂಕುಮ ಹಚ್ಚಿದ್ದಾರೆ. ವಿಜಯದಶಮಿಯಂದು ಮಕ್ಕಳು ಮೊದಲು ಹಾಡುವುದು ‘ಶಕ್ತಿಸಹಿತ ಗಣಪತಿಂ’. ಮದರಾಸಿನ ಬ್ಯಾಂಡುಗಳ ಧಾಟಿಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅವಕ್ಕೆ ಸಂಸ್ಕೃತದ ಸ್ತುತಿ ಹೊಂದಿಸಿ ರಚಿಸಿದ ನೊಟ್ಟುಸ್ವರಗಳಲ್ಲಿ ಅದೂ ಒಂದು. ಶಂಕರಾಭರಣ ರಾಗದ ನೇರ ಸ್ವರಗಳು. ಕಾರ್ಡ್ ಸಲೀಸಾಗಿ ಕೂರುತ್ತದೆ. ಆ ಕೃತಿಗೆ ಆರೂ ತಂತಿಗಳನ್ನು ತುಂಬಿ ನುಡಿಸಬೇಕೆಂದು ಹಿರಿಯರೇ ಆಕೆಗೆ ಹೇಳಿದ್ದಾರೆ.